ಹೋದ ಪುಟ್ಟ ಬಂದ ಪುಟ್ಟ

ನಲವತ್ತೊಂದು ರಾತ್ರಿ
ನೀನು ಹೋದೆ, ಬಂದೆ,
ದಿನಚರಿಯಲ್ಲಿ ಬರೆದೆ: ಆಯಿತು.
ಮೂರು ಗಂಟೆ ಹತ್ತು ನಿಮಿಷ, ಆಯಿತು.
ಮರುದಿನವೂ ಅದೇ ಹೊತ್ತಿಗೆ, ಆಯಿತು.
ನಾನೂ ಬೆಳಿಗ್ಗೆ ಕೈಗವಸು ಬಿಚ್ಚುತ್ತ
ಪರದೆಯ ಹಸಿರು ಚುಕ್ಕಿ ನೋಡಿ
ಕಾಫಿಗೆ ನೀರಿಡುತ್ತಿದ್ದೆ.

ಹೆಲ್ಟರ್ಮಾ ಬಂದರಿನ ಈ ಕೋಣೆಯಲ್ಲಿ
ಚಳಿಗಾಲಕ್ಕೆ ಇಬ್ಬರೇ ನೌಕರರು, ನೀನು ಮತ್ತು ನಾನು.
ಕಡಲು ಗಟ್ಟಿಯಾದ ವರ್ಷ
ನಮ್ಮ ದ್ವೀಪದಿಂದ ಆಚೆ ದಡಕ್ಕೆ
ಮಂಜುಗಡ್ಡೆಯೇ ರಸ್ತೆ.
ಅದರ ದಪ್ಪ ಲೆಕ್ಕ ಹಾಕುವ ತಂತ್ರಾಂಶಕ್ಕೆ
ರಾತ್ರಿ ರಾತ್ರಿ ಹೊಸ ಕಂತು ತರುವುದು ನಿನ್ನ ಕೆಲಸ,
ನಂಬುವುದು ನನ್ನದು.

ನಿನ್ನೆ ಬೈರಿಗೆ ಹೊತ್ತು ಹೋದ ಕಲ್ಯು
ಗಾಳಿಯ ನಡುವಿನಿಂದ ಫೋನು ಮಾಡಿ ಕೂಗಿದ:
"ನಿನ್ನ ಯಂತ್ರ ಮೂವತ್ತೊಂದು ಅನ್ನುತ್ತೆ,
ನನ್ನ ಕೋಲು ಇಪ್ಪತ್ತಮೂರು.
ಯಾರನ್ನು ನಂಬಲಿ?"
"ಕೋಲನ್ನು" ಅಂದೆ.
ಫೋನಿಟ್ಟು, ನೀನು ತಂದ ಗಂಟು ಬಿಚ್ಚಿದೆ.

ಹೆಸರು ಸರಿಯಿತ್ತು, ತಾರೀಖು ಸರಿಯಿತ್ತು.
ತೂಕ? ಎಂಬತ್ತನಾಲ್ಕು ಮೆಗಾಬೈಟು ಇರಬೇಕಾದಲ್ಲಿ
ನೂರ ಅರವತ್ತೊಂಬತ್ತು ಬೈಟು.
ಒಂದು ಚೀಟಿಯ ಭಾರ.
ಚೀಟಿಯೇ ಅದು:
*ಇಲ್ಲಿದ್ದವರು ಮನೆ ಬದಲಿಸಿದ್ದಾರೆ,
ಹೊಸ ವಿಳಾಸ ಕೆಳಗಿದೆ.*
ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ್ದನ್ನು
ಓದದೆ ಕಿತ್ತು, ನೀಟಾಗಿ ಮಡಚಿ,
ಪೆಟ್ಟಿಗೆಯೊಳಗಿಟ್ಟು ತಂದಿದ್ದೀಯ.
ಒಂದಲ್ಲ, ನಲವತ್ತೊಂದು ಸಲ.

ಬಯ್ಯಲು ಬಾಯಿ ತೆರೆದೆ.
ಆಗ ಕಂಡಿತು, ನಿನ್ನ ಹಣೆಯ ಮೇಲೆ
ಆರ್ವೆಡ್ ಹನ್ನೊಂದು ವರ್ಷದ ಹಿಂದೆ ಬರೆದಿಟ್ಟ ಟಿಪ್ಪಣಿ:
*ಈ ವಿಳಾಸ ಬದಲಾಗುವುದಿಲ್ಲ. ಮುಟ್ಟಬೇಡಿ.*

ಆರ್ವೆಡ್ ಈಗ ಪ್ಯಾರ್ನುವಿನಲ್ಲಿ ಜೇನು ಸಾಕುತ್ತಾನೆ.
ಕರೆ ಮಾಡಿ ಓದಿ ಹೇಳಿದೆ.
ಬಹಳ ಹೊತ್ತು ಸುಮ್ಮನಿದ್ದು,
"ನಾನು ಹಾಗೆ ಬರೆದೆನೇ?" ಅಂದ.
"ಕುಡಿದಿರಬೇಕು."

ಇದೇ ಆರ್ವೆಡ್ ನನಗೆ ರಸ್ತೆ ಕಲಿಸಿದವನು.
ಪ್ರತಿ ವರ್ಷ ಹೊಸ ದಾರಿ, ಎರಡೂ ಬದಿ
ಮಂಜಿಗೆ ಚುಚ್ಚಿದ ಜುನಿಪರ್ ಕೊಂಬೆ.
ಹೋದ ವರ್ಷದ ಕೊಂಬೆ ಕರಗಿದ ಕಡಲಲ್ಲಿ ತೇಲಿ ಹೋಗಿರುತ್ತೆ,
ಅದನ್ನು ಹುಡುಕಿ ಹೊರಟವನು ಮುಳುಗುತ್ತಾನೆ ಅನ್ನುತ್ತಿದ್ದ.
ಮಂಜಿನ ಮೇಲೆ ಕಾರಿನ ಬೆಲ್ಟು ಕಟ್ಟಬಾರದು ಅನ್ನುತ್ತಿದ್ದ,
ಬಿರಿದರೆ ಹಾರಿ ಹೊರಬೀಳಬೇಕಲ್ಲ.
ನಿನಗೆ ಮಾತ್ರ ಬೆಲ್ಟು ಬಿಗಿದು ಹೋಗಿದ್ದ.

ರಾತ್ರಿ ಕೂತೆ.
ಹಳೆಯ ವಿಳಾಸ ಅಳಿಸಲಿಲ್ಲ,
ಮುಂದೊಂದು ಹ್ಯಾಶ್ ಗುರುತಿಟ್ಟು ಮಲಗಿಸಿದೆ.
ಕೆಳಗೆ ಹೊಸದು ಬರೆದೆ.
ಮನೆ ಬದಲಿಸಿದ್ದೇವೆ ಅಂದರೆ ಬೆನ್ನು ಹತ್ತಿ ಹೋಗು ಎಂದು
ಆಜ್ಞೆಗೆ ಒಂದೇ ಒಂದು ಅಕ್ಷರ ಸೇರಿಸಿದೆ.
ಬರೆದ ಮೇಲೆ ಹೆದರಿಕೆಯಾಯಿತು.
ಬಾ ಎಂದವರ ಹಿಂದೆಲ್ಲ ಹೋಗಿಬಿಟ್ಟರೆ?
ಅದಕ್ಕೇ ಇನ್ನೆರಡು ಸಾಲು:
ಗಂಟು ಬಿಚ್ಚುವ ಮೊದಲು ಮುದ್ರೆ ನೋಡು.
ಹೊಂದದಿದ್ದರೆ ಆಯಿತು ಅನ್ನಬೇಡ.

ಮೂರು ಹತ್ತು.
ಹೀಟರು ಟಿಕ್ ಅಂದಿತು. ನೀನು ಹೋದೆ.
ಬಂದೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಕೆಂಪಕ್ಷರದಲ್ಲಿ ಬರೆದೆ: ಆಗಲಿಲ್ಲ.

ಮುದ್ರೆಯ ಅಂಕಿಯಲ್ಲಿ ತಪ್ಪು ನನ್ನದೇ,
ಆರು ಇರಬೇಕಾದಲ್ಲಿ ಒಂಬತ್ತು ಕುಟ್ಟಿದ್ದೆ.
ತಿದ್ದಲು ಅರೆ ನಿಮಿಷ ಸಾಕಿತ್ತು,
ತಿದ್ದದೆ ಕೂತಿದ್ದೆ ಬಹಳ ಹೊತ್ತು.
ತೊದಲುವ ಮಗು ಮೊದಲ ಸಲ
ಒಲ್ಲೆ ಅಂದದ್ದನ್ನು
ಕೇಳಿಸಿಕೊಂಡವಳ ಹಾಗೆ.

ಬೆಳಿಗ್ಗೆ ಕಲ್ಯುವಿಗೆ ಹೇಳಿದೆ: ಇಪ್ಪತ್ತಮೂರು.
"ಗೊತ್ತು" ಅಂದ.